ಶನಿವಾರ ಬಿಟ್ಟೆ, ಕಿಮೋ ತಾರೀಕು ಹಿಡಿದೆ

ಸಕಲೇಶಪುರದ ಹಾನುಬಾಳು ಕಡೆ ನಮ್ಮ ಹೋಂಸ್ಟೇಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ 3 ದಿನದ ಶಿಬಿರ ಮಾಡುತ್ತೇನೆ ಅಂದಾಗ ಅಕ್ಕಪಕ್ಕದ ತೋಟದವರು ನಕ್ಕಿದ್ದರು. "ಕಾಯಿಲೆಯವರು ಬರ್ತಾರೆ ಅಂತ ಗೊತ್ತಾದ್ರೆ ಬೇರೆ ಗೆಸ್ಟ್ ಬರಲ್ಲ ಮಾರಾಯ್ತಿ" ಅಂತ. ಈಗ ಅವರಲ್ಲೇ ಒಂದಿಬ್ಬರು ಲೆಕ್ಕ ಕೇಳಿಕೊಂಡು ಬರುತ್ತಿದ್ದಾರೆ!

ರೂಮು, ಅಡುಗೆ, ಗಾಡಿ ಹೋಂಸ್ಟೇ ನಡೆಸುವ ನಿಮಗೆ ಗೊತ್ತಿರೋದೇ. ನನ್ನ ಕೈ ಹಿಡಿದದ್ದು ತಾರೀಕು. ಮೊದಲು ಎಲ್ಲರ ಹಾಗೆ ಶನಿವಾರ, ಭಾನುವಾರ ಇಟ್ಟಿದ್ದೆ. ಅರ್ಧ ಜನ ಕೊನೇ ಗಳಿಗೆಯಲ್ಲಿ ಬರಲ್ಲ ಅಂದರು, ಬಂದವರು ಮಲಗೇ ಇದ್ದರು, ಆಚೆ ಅಂಗಳದಲ್ಲಿ ಬೆಂಗಳೂರು ಹುಡುಗರ ಕ್ಯಾಂಪ್‌ಫೈರ್ ಗಲಾಟೆ. ಬ್ಯಾಚಿಗೆ 15 ಸಾವಿರದ ಹತ್ತಿರ ಕೈಯಿಂದ ಹೋಯಿತು. 21 ದಿನಕ್ಕೊಮ್ಮೆ ಕಿಮೋ ಇರುವವರಿಗೆ ಸಾಮಾನ್ಯವಾಗಿ 7ರಿಂದ 14ನೇ ದಿನದ ಸುಮಾರಿಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ, ಸೋಂಕು ಬೇಗ ತಗಲುತ್ತದೆ, ಆಗ ಗುಂಪಲ್ಲಿ ಕೂರಿಸೋದೇ ತಪ್ಪು. ಮೂರನೇ ವಾರಕ್ಕೆ ಸ್ವಲ್ಪ ಚೇತರಿಕೆ. ಹಾಗಾಗಿ ಈಗ ಮೊದಲು ಕಿಮೋ ತಾರೀಕು ಕೇಳುತ್ತೇನೆ, ಡಾಕ್ಟರ ಒಪ್ಪಿಗೆ ಚೀಟಿ ತರಿಸುತ್ತೇನೆ, ತಾಳೆಯಾಗುವ ಐದಾರು ಜನರನ್ನು ಜೊತೆಗೊಬ್ಬರಂತೆ ಕರೆಯುತ್ತೇನೆ. ಮಂಗಳವಾರದಿಂದ ಗುರುವಾರ. ರೂಮು ಹೇಗೂ ಖಾಲಿ ಹೊಡೆಯೋ ದಿನ ಅಲ್ವಾ? ತಲೆಗೆ 2,500 ತಗೊಂಡರೆ ಖರ್ಚು ಕಳೆದು ಸ್ವಲ್ಪ ಉಳಿಯುತ್ತದೆ. ಕೊಡೋಕೆ ಆಗದ ಒಬ್ಬರನ್ನು ಪ್ರತಿ ಸಲ ಸುಮ್ನೆ ಸೇರಿಸಿಕೊಳ್ಳುತ್ತೇನೆ.

ಕಾಲವೂ ಬೇರೆ ಲೆಕ್ಕ. ಕಾಫಿ ಹೂವಾದಾಗ ಟೂರಿಸ್ಟರು ಮುಗಿಬೀಳುತ್ತಾರೆ, ಆದರೆ ಆ ಘಮಕ್ಕೇ ಒಬ್ಬರು ಇಡೀ ದಿನ ವಾಂತಿ ಮಾಡಿದರು. ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ. ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಅದು ಕಚ್ಚಿದರೆ ರಕ್ತ ಬೇಗ ನಿಲ್ಲಲ್ಲ. ಚಳಿ ಇನ್ನೊಂದು ತಾಪತ್ರಯ: ಆಕ್ಸಾಲಿಪ್ಲಾಟಿನ್ ಅನ್ನೋ ಕಿಮೋ ಔಷಧಿ ತಗೊಳ್ಳುವವರಿಗೆ ತಣ್ಣೀರು ಮುಟ್ಟಿದರೂ ಬೆರಳು ಜುಮ್ಮೆನ್ನುತ್ತದೆ. ಕೈ ತೊಳೆಯೋ ಕಡೆಗೂ ಬಿಸಿನೀರಿನ ಪೈಪ್ ಎಳೆಸಿದೆ, 30 ಸಾವಿರ ಚಿಲ್ಲರೆ ಆಯಿತು. ಇನ್ನು ಆನೆ ಕಾಟ ಇರೋದರಿಂದ ಬೆಳಗಿನ ವಾಕಿಂಗ್ ಇಲ್ಲವೇ ಇಲ್ಲ.

ಅಮೆರಿಕದ ಬೊಲಿನಾಸ್‌ನಲ್ಲಿ ಕಾಮನ್‌ವೀಲ್ ಸಂಸ್ಥೆಯವರು 1980ರ ದಶಕದಲ್ಲೇ ಇಂಥ ಒಂದು ವಾರದ ಶಿಬಿರ ಶುರು ಮಾಡಿದವರು. ಅದನ್ನು ಓದಿ ನಾನೂ ಎಲ್ಲರನ್ನೂ ಸುತ್ತ ಕೂರಿಸಿ ಮಾತಾಡಿಸಲು ನೋಡಿದೆ. ಯಾರೂ ಬಾಯಿ ಬಿಡಲಿಲ್ಲ. ಹೆಂಡತಿಯನ್ನು ಕೇಳಿದರೆ ಗಂಡ ಉತ್ತರ ಕೊಡೋದು. ಈಗ ಜೊತೆಗೆ ಬಂದವರನ್ನು ಜೀಪಲ್ಲಿ ತೋಟ ನೋಡಲು ಕಳಿಸಿಬಿಡುತ್ತೇನೆ, ಉಳಿದವರ ಮುಂದೆ ಮೊರದಲ್ಲಿ ಕಾಫಿ ಬೀಜ ಆರಿಸಲು ಇಡುತ್ತೇನೆ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಇನ್ನೊಂದು ಕಿಮೋ ಔಷಧಿಯಿಂದ ಬೆರಳು ಮರಗಟ್ಟಿದವರಿಗೆ ಬೀಜ ಹಿಡಿಯೋಕೆ ಆಗಲ್ಲ, ಅವರಿಗೆ ಅವರೆಕಾಯಿ. ಅರ್ಧ ಗಂಟೆಯಲ್ಲಿ ಮಾತು ಶುರು. ಸಾಲ, ಕೂದಲು, ಮಗಳ ಮದುವೆ, ಸಾವು, ಎಲ್ಲ ಬರುತ್ತದೆ.

ಬಾಯೆಲ್ಲ ಕಬ್ಬಿಣದ ರುಚಿ ಅನ್ನುವವರಿಗೆ ಸ್ಟೀಲ್ ತೆಗೆದು ಬಾಳೆಲೆ, ಮರದ ಚಮಚ ಕೊಟ್ಟು ನೋಡಿದೆ, ಕೆಲವರಿಗೆ ಹಿಡಿಸಿತು. ಹಸಿ ತರಕಾರಿ ಬಂದ್, ಎಲ್ಲ ಬೇಯಿಸಿದ್ದೇ. ನಮ್ಮ ಶುಂಠಿ ಸಾರನ್ನು ಎರಡು ಲೋಟ ಕೇಳಿ ಕುಡಿಯುತ್ತಾರೆ. ಅದರ ಪುಡಿಯ ಅಳತೆ ಮಾತ್ರ ಕೇಳಬೇಡಿ!

ಯೋಗ ಹೇಳಿಕೊಡಲು ಒಬ್ಬರನ್ನು 8 ಸಾವಿರ ಕೊಟ್ಟು ಕರೆಸಿದ್ದೆ. ಎರಡನೇ ದಿನವೇ "ಕಿಮೋ ಬಿಡಿ, ನನ್ನ ಕಷಾಯ ಸಾಕು" ಅಂದರು. ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದೆ. ದುಡ್ಡು ಹೋದರೆ ಹೋಗಲಿ. ಔಷಧಿ ವಿಷಯಕ್ಕೆ ನಾವು ಕೈ ಹಾಕೋ ಹಾಗಿಲ್ಲ. ಜ್ವರ 100.4 ಮುಟ್ಟಿದರೆ ಮಾತೇ ಇಲ್ಲ, ರಾತ್ರಿ ಎಷ್ಟೊತ್ತಾದರೂ ಗಾಡಿ ಹಾಸನಕ್ಕೆ. ಅದಕ್ಕೇ ಡ್ರೈವರ್ ಇಲ್ಲೇ ಮಲಗುತ್ತಾನೆ.

ಫೆಬ್ರವರಿಯಲ್ಲಿ ರೋಗಿ ನೋಡಿಕೊಳ್ಳುವವರಿಗೇ ಒಂದು ಬ್ಯಾಚ್ ಮಾಡಬೇಕು ಅಂತಿದೆ. ಆ ಮೂರು ದಿನ ಮನೇಲಿ ರೋಗಿಯನ್ನು ನೋಡಿಕೊಳ್ಳೋರು ಯಾರು ಅನ್ನೋದು ಇನ್ನೂ ಬಗೆಹರಿದಿಲ್ಲ.