ಬೆಳಗಾವಿಯ ಕಾಂಗ್ರೆಸ್ ಬಾವಿ ನೋಡೋದು ಹೀಗೆ

ದೀಪಾವಳಿ ರಜೆಗೆ ಮೊಮ್ಮಕ್ಕಳು ಬಂದರೆ ನಾನು ಮೊದಲು ಕರಕೊಂಡು ಹೋಗೋದು ಕೋಟೆಗಲ್ಲ, ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನದ ನೆನಪಿಗಿರುವ ವೀರಸೌಧಕ್ಕೆ. ಬೆಳಿಗ್ಗೆಯೇ ಹೊರಡಿ, ಬಿಸಿಲೇರಿದ ಮೇಲೆ ಹುಡುಗರು ಕಥೆ ಕೇಳೋದಿಲ್ಲ.

ಒಳಗೆ ಹೋದವರೇ ಫೋಟೋಗಳ ಕಡೆ ಓಡಬೇಡಿ. ಮೊದಲು ಬಾವಿಯ ಹತ್ತಿರ ನಿಲ್ಲಿ. 1924ರ ಡಿಸೆಂಬರಿನಲ್ಲಿ ಇಲ್ಲಿ ನಡೆದದ್ದು ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ. ಅಷ್ಟು ಜನಕ್ಕೆ ನೀರು ಬೇಕಲ್ಲ, ಅದಕ್ಕೇ ತೋಡಿದ್ದು ಈ ಬಾವಿ. ಅಧಿವೇಶನದ ನಗರಕ್ಕೆ ವಿಜಯನಗರ ಅಂತ, ಬಾವಿಗೆ ಪಂಪಾ ಸರೋವರ ಅಂತ ಹೆಸರು. ಹಂಪಿಯನ್ನೇ ಇಲ್ಲಿಗೆ ತಂದ ಹಾಗೆ! ಮಕ್ಕಳಿಗೆ ಇಸವಿ ಮರೆತುಹೋಗುತ್ತದೆ. ಕೊಡ, ಹಗ್ಗ, ನೀರಿನ ಸರದಿ ಅಂತ ಹೇಳಿ, ನೆನಪಿರುತ್ತದೆ. ಕಂಬಿ ಹಿಡಿದು ಬಗ್ಗಿ ನೋಡುವಾಗ ಕೈ ಬಿಡಬೇಡಿ. ಹೋದ ಸಲ ಸಣ್ಣವನ ಚಪ್ಪಲಿ ಜಾರಿ, ನನ್ನ ಎದೆ ಧಸಕ್ಕೆಂದಿತು.

ಆಮೇಲೆ ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಹಾಡಿಸಿ. ಆ ಅಧಿವೇಶನದಲ್ಲಿ ಹಾಡಿದ್ದೇ ಅದು. ಅಧಿವೇಶನ ನಡೆಸಲು ಮುಂದೆ ನಿಂತ ಗಂಗಾಧರರಾವ್ ದೇಶಪಾಂಡೆ ಯಾರು ಅಂತ ಕೇಳಿದರೆ ಬಾಯಲ್ಲಿ ಹೇಳಿ ಮುಗಿಸಬೇಡಿ, ಅವರ ಊರು ಹುದಲಿಗೇ ಹೋಗಿ. 1937ರಲ್ಲಿ ಗಾಂಧೀಜಿಯೂ ಅಲ್ಲಿಗೆ ಬಂದಿದ್ದರು. ಖಾದಿಗೆ ಹೆಸರಾದ ಊರದು, ಖಾದಿ ಕೊಳ್ಳದೆ ಬಂದರೆ ನನಗಂತೂ ಸಮಾಧಾನ ಇಲ್ಲ.

ವಾಪಸು ಬರುವಾಗ ಕುಂದಾ ಕೊಡಿಸಿ. ಮುಂದಿನ ಸಲ ಕರೆದರೆ ತಕರಾರಿಲ್ಲದೆ ಬರುತ್ತಾರೆ.