ಅಂಗಳದ ಬಣ್ಣದ ದೀಪಗಳಿಗೆ ಕಂಟ್ರೋಲರ್ ಜೋಡಿಸುವ ಕ್ರಮ

ದೀಪಾವಳಿಯಿಂದ ತುಳಸಿ ಪೂಜೆಯವರೆಗೆ ತುಳಸಿಕಟ್ಟೆಗೂ ಅಂಗಳದಂಚಿನ ಮರಗಳಿಗೂ ಬಣ್ಣದ ಬೆಳಕು ಹಾಯಿಸಬೇಕೆನ್ನುವವರು ಸಾಮಾನ್ಯವಾಗಿ ಮೊದಲು ದೀಪಗಳನ್ನು ಕೊಂಡು, ವಯರಿನ ಬಗ್ಗೆ ಆಮೇಲೆ ಯೋಚಿಸುತ್ತಾರೆ. ಮೊದಲು ಆಗಬೇಕಾದದ್ದು ಅಳತೆ. ಕಾಸರಗೋಡಿನ ಕಡೆಯ ತೋಟದ ಮನೆಗಳಲ್ಲಿ ಅಡಿಕೆ ಒಣಗಿಸಲು ಅಂಗಳವನ್ನು ವಿಶಾಲವಾಗಿಯೇ ಬಿಟ್ಟಿರುತ್ತಾರೆ. ಜಗಲಿಯಿಂದ ಆಚೆ ತುದಿಯ ತೆಂಗಿನ ಬುಡಕ್ಕೆ 15 ಮೀಟರ್ ಆಗುವುದು ಸಹಜ. 12 ವೋಲ್ಟಿನ ದೀಪಗಳ ವಿಷಯದಲ್ಲಿ ಉಳಿದೆಲ್ಲವನ್ನೂ ತೀರ್ಮಾನಿಸುವುದು ಈ ದೂರವೇ.

10 ವಾಟಿನ ನಾಲ್ಕು ಬಣ್ಣದ ಸ್ಪಾಟ್‌ಲೈಟುಗಳಿವೆ ಎಂದುಕೊಳ್ಳೋಣ. ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ ಉರಿದಾಗ ಒಟ್ಟು 40 ವಾಟ್, ಅಂದರೆ ಸುಮಾರು 3.3 ಆಂಪಿಯರ್ ವಿದ್ಯುತ್ತು ಹರಿಯುತ್ತದೆ. ಪ್ರತಿ ದೀಪದಿಂದ ನಾಲ್ಕು ವಯರುಗಳು ಹೊರಬರುತ್ತವೆ: ಮೂರು ಬಣ್ಣಗಳಿಗೂ ಸೇರಿ ಒಂದೇ ಪ್ಲಸ್, ಒಂದೊಂದು ಬಣ್ಣಕ್ಕೆ ಒಂದೊಂದು ಮೈನಸ್. ಆದುದರಿಂದ ಪ್ಲಸ್ ವಯರು ಇಡೀ ಭಾರವನ್ನು ಹೊರುತ್ತದೆ. ಮೈನಸ್‌ಗಳು ತಲಾ ಮೂರನೇ ಒಂದು ಪಾಲನ್ನು ಮಾತ್ರ ಹೊರುತ್ತವೆ. ಈ ನಾಲ್ಕೂ ಎಳೆಗಳನ್ನು 0.75 ಚದರ ಮಿಲಿಮೀಟರಿನ ತೆಳು ತಾಮ್ರದ ಕೇಬಲಿನಲ್ಲಿ 15 ಮೀಟರ್ ಒಯ್ದರೆ ದಾರಿಯಲ್ಲೇ ಸುಮಾರು ಒಂದೂವರೆ ವೋಲ್ಟ್ ಕಳೆದುಹೋಗಿ ದೀಪಕ್ಕೆ ಹತ್ತೂವರೆ ವೋಲ್ಟ್ ಮಾತ್ರ ಮುಟ್ಟುತ್ತದೆ. ಆಗ ದೀಪ ಮಂಕಾಗುವುದಷ್ಟೇ ಅಲ್ಲ, ಬಣ್ಣವೂ ಕೆಡುತ್ತದೆ. ಹಸಿರು ಮತ್ತು ನೀಲಿ ಎಲ್‌ಇಡಿಗಳಿಗೆ ತಲಾ ಮೂರು ವೋಲ್ಟಿನಷ್ಟು ಬೇಕು, ಕೆಂಪಿಗೆ ಎರಡರಷ್ಟು ಸಾಕು. ವೋಲ್ಟೇಜು ಇಳಿದಾಗ ಮೊದಲು ಸೊರಗುವುದು ಹಸಿರು ಮತ್ತು ನೀಲಿಯೇ ಆದ್ದರಿಂದ, ಬಿಳಿಯಾಗಿ ಕಾಣಬೇಕಾದ ಬೆಳಕು ದೂರದ ಮರದ ಮೇಲೆ ಕೆಂಪು ಛಾಯೆಯಲ್ಲಿ ಬೀಳುತ್ತದೆ. ದೀಪ ಹಾಳಾಗಿದೆಯೆಂದು ಅಂಗಡಿಗೆ ಮರಳಿ ಒಯ್ಯುವ ಮೊದಲು ದೀಪದ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ವೋಲ್ಟೇಜು ನೋಡಬೇಕು.

ಇದಕ್ಕೆ ನಾನು ಶಿಫಾರಸು ಮಾಡುವ ಪರಿಹಾರವೆಂದರೆ, ಮನೆಯ 230 ವೋಲ್ಟನ್ನು 12 ವೋಲ್ಟ್ ಡಿಸಿಗೆ ಇಳಿಸುವ ಎಸ್‌ಎಂಪಿಎಸ್ಸನ್ನು ಜಗಲಿಯ ಮಾಡಿನಡಿಯಲ್ಲಿಯೇ ಇಟ್ಟು, ಅಲ್ಲಿಂದ 4 ಚದರ ಮಿಲಿಮೀಟರಿನ ಎರಡೆಳೆಯ ತಾಮ್ರದ ಕೇಬಲನ್ನು ಅಂಗಳಕ್ಕೆ ಒಯ್ದು, ಬಣ್ಣ ಬದಲಿಸುವ ಕಂಟ್ರೋಲರನ್ನು ದೀಪಗಳ ಹತ್ತಿರವೇ ಒಂದು ಜಲನಿರೋಧಕ ಬಾಕ್ಸಿನಲ್ಲಿ ಕೂರಿಸುವುದು. ಹೀಗೆ ಮಾಡಿದರೆ 15 ಮೀಟರಿಗೆ ಅರ್ಧ ವೋಲ್ಟಿಗಿಂತಲೂ ಕಡಿಮೆ ನಷ್ಟವಾಗುತ್ತದೆ, ನಾಲ್ಕೆಳೆಯ ವಯರು ಎರಡು ಮೂರು ಮೀಟರಿಗೆ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, 230 ವೋಲ್ಟ್ ಅಂಗಳಕ್ಕೆ ಇಳಿಯುವುದೇ ಇಲ್ಲ. ಮಕ್ಕಳು ಓಡಾಡುವ ಒದ್ದೆ ನೆಲಕ್ಕೆ ಮೈನ್ಸ್ ವಯರನ್ನು ಎಳೆಯಲೇಬಾರದು ಎಂಬುದರಲ್ಲಿ ನನಗೆ ರಿಯಾಯಿತಿ ಇಲ್ಲ. ಎಸ್‌ಎಂಪಿಎಸ್‌ಗೆ ಅರ್ತಿಂಗ್ ಕೊಟ್ಟಿರಬೇಕು. ಅದಕ್ಕೆ ಕರೆಂಟು ಕೊಡುವ ಪ್ಲಗ್ಗು 30 ಮಿಲಿಆಂಪಿಯರಿನ ಇಎಲ್‌ಸಿಬಿಯ (ಕರೆಂಟು ನೆಲಕ್ಕೆ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್ಚಿನ) ಹಿಂದೆ ಇರಬೇಕು. 40 ವಾಟಿನ ದೀಪಗಳಿಗೆ 12 ವೋಲ್ಟ್, 5 ಆಂಪಿಯರಿನ ಎಸ್‌ಎಂಪಿಎಸ್ ತಕ್ಕದ್ದು. ಅದರ ಪ್ಲಸ್ ಹೊರಡುವಲ್ಲಿಯೇ 5 ಆಂಪಿಯರಿನ ಫ್ಯೂಸ್ ಹಾಕಬೇಕು, ಏಕೆಂದರೆ 12 ವೋಲ್ಟಿನಿಂದ ಶಾಕ್ ಹೊಡೆಯದಿದ್ದರೂ ಶಾರ್ಟ್ ಆದಾಗ ವಯರು ಕಾದು ಬೆಂಕಿ ಹಿಡಿಯಬಲ್ಲದು.

ವಯರು ಕೊಳ್ಳುವಾಗ ತುದಿಯ ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಬೇಕು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯುಮಿನಿಯಂ. ಮೇಲಿನ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ. ದೀಪಗಳನ್ನು ಆರಿಸುವಾಗ 12 ವೋಲ್ಟ್ ಡಿಸಿ ಎಂದು ಬರೆದಿರುವ, ನಾಲ್ಕು ವಯರುಗಳಿರುವ ದೀಪಗಳನ್ನೇ ಕೇಳಿ ಪಡೆಯಬೇಕು. ನೇರ 230 ವೋಲ್ಟಿಗೆ ಹಾಕುವ, ಸ್ವಂತ ರಿಮೋಟಿನೊಂದಿಗೆ ಬರುವ ಬಣ್ಣದ ದೀಪಗಳು ಈ ಕೆಲಸಕ್ಕೆ ಒದಗುವುದಿಲ್ಲ.

ಜೋಡಣೆಯಲ್ಲಿ ಹೆಚ್ಚಿನವರು ಎಡವುವುದು ವಯರಿನ ಬಣ್ಣವನ್ನು ನಂಬಿ. ಈ ದೀಪಗಳಲ್ಲಿ ಕಪ್ಪು ಅಥವಾ ಬಿಳಿ ವಯರು ಅನೇಕ ವೇಳೆ ಪ್ಲಸ್ ಆಗಿರುತ್ತದೆ, ಕೆಂಪು ವಯರು ಕೆಂಪು ಬಣ್ಣದ ಮೈನಸ್ ಆಗಿರುತ್ತದೆ. ಆದ್ದರಿಂದ ಪ್ರತಿ ದೀಪವನ್ನೂ ಮೊದಲು ಮೇಜಿನ ಮೇಲೆ ಎಸ್‌ಎಂಪಿಎಸ್‌ಗೆ ನೇರವಾಗಿ ತಾಗಿಸಿ, ಯಾವುದು ಪ್ಲಸ್, ಯಾವುದು ಯಾವ ಬಣ್ಣ ಎಂದು ಗುರುತು ಹಾಕಿಕೊಳ್ಳಬೇಕು. ಕಂಟ್ರೋಲರ್ ತುಂಡರಿಸುವುದು ಮೈನಸ್ ಕಡೆಯನ್ನು: ಪ್ಲಸ್ ಸದಾ ದೀಪದಲ್ಲಿರುತ್ತದೆ, ಕಂಟ್ರೋಲರಿನೊಳಗಿನ ಮಾಸ್ಫೆಟ್‌ಗಳು (ಎಲೆಕ್ಟ್ರಾನಿಕ್ ಸ್ವಿಚ್ಚುಗಳು) ಮೂರು ಮೈನಸ್‌ಗಳನ್ನು ಸೆಕೆಂಡಿಗೆ ನೂರಾರು ಸಲ ಹಾಕಿ ತೆಗೆದು ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತವೆ. ಒಂದು ಬಣ್ಣದ ಮೈನಸ್ ಎಸ್‌ಎಂಪಿಎಸ್ಸಿನ ಮೈನಸ್‌ಗೆ ತಾಗಿದರೆ ಆ ಬಣ್ಣ ಆರುವುದೇ ಇಲ್ಲ. ಪ್ಲಸ್‌ಗೆ ತಾಗಿದರೆ ಮಾಸ್ಫೆಟ್ ಸುಡುತ್ತದೆ.

ನಾಲ್ಕೂ ದೀಪಗಳು ಒಟ್ಟಿಗೆ ಒಂದೇ ಬಣ್ಣ ತೋರಿದರೆ ಸಾಕೆಂದಾದರೆ ಬಣ್ಣಕ್ಕೊಂದರಂತೆ ಮೂರು ಚಾನೆಲಿನ ಕಂಟ್ರೋಲರ್ ಸಾಕು. ಪ್ರತಿ ದೀಪಕ್ಕೂ ಬೇರೆ ಬಣ್ಣ ಬೇಕಾದರೆ ಹನ್ನೆರಡು ಚಾನೆಲುಗಳು ಬೇಕು. ಅದಕ್ಕೆ ಡಿಎಂಎಕ್ಸ್ (ರಂಗದ ದೀಪಗಳನ್ನು ನಿಯಂತ್ರಿಸುವ ಸಿಗ್ನಲ್ ಪದ್ಧತಿ) ಡಿಕೋಡರುಗಳನ್ನು ಬಳಸಿ ದೀಪಗಳಿಗೆ 1, 4, 7, 10 ಎಂದು ವಿಳಾಸ ಕೊಟ್ಟು, ಸಿಗ್ನಲ್ ಕೇಬಲಿನ ಕೊನೆಯಲ್ಲಿ 120 ಓಮಿನ ರೆಸಿಸ್ಟರ್ ಹಾಕಬೇಕು.

ಇಲ್ಲಿ ಹಿಂಗಾರಿನ ಮಳೆ ದೀಪಾವಳಿಯ ಹೊತ್ತಿಗೂ ಬಿಟ್ಟಿರುವುದಿಲ್ಲ. ಬರಿಯ ಟೇಪು ಸುತ್ತಿದ ಜಾಯಿಂಟಿನೊಳಗೆ ನೀರು ಸೇರಿದರೆ ಪ್ಲಸ್ ಕಡೆಯ ತಾಮ್ರ ಕೆಲವೇ ದಿನಗಳಲ್ಲಿ ಹಸಿರುಗಟ್ಟಿ ಪುಡಿಯಾಗತೊಡಗುತ್ತದೆ, ಮೈನಸ್ ಕಡೆ ಹೆಚ್ಚು ಕೆಡದೆ ಉಳಿದಿರುತ್ತದೆ. ಡಿಸಿ ವಿದ್ಯುತ್ತಿನ ಸ್ವಭಾವವೇ ಅದು. ಜಾಯಿಂಟುಗಳನ್ನು ಬೆಸುಗೆ ಹಾಕಿ, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹೊದಿಸಿ, ನೆಲದಿಂದ ಒಂದಡಿ ಮೇಲೆ ಗೂಟಕ್ಕೆ ಕಟ್ಟಬೇಕು. ಬಾಕ್ಸಿಗೆ ವಯರುಗಳು ಕೆಳಗಿನಿಂದಲೇ ಒಳಹೋಗಬೇಕು. ವಯರು ಒಳಹೋಗುವ ಗ್ಲ್ಯಾಂಡಿಗಿಂತ (ಬಿಗಿಮುಚ್ಚಳಕ್ಕಿಂತ) ಕೆಳಗೆ ವಯರು ಒಮ್ಮೆ ಬಾಗಿ ಮೇಲೇರಿದರೆ ಮಳೆನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕುತ್ತದೆ. ಬಳಸದ ತೂತುಗಳನ್ನು ಮುಚ್ಚದಿದ್ದರೆ ಇರುವೆಗಳು ಒಳಗೆ ಗೂಡು ಕಟ್ಟುತ್ತವೆ. ಸಂಜೆಯ ಗುಡುಗು ಕೇಳಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಎಲ್ಲವೂ ಮುಗಿದ ಮೇಲೆ ಬಿಳಿ ಬೆಳಕನ್ನು ಪೂರ್ತಿ ಉರಿಸಿ, ಅತಿ ದೂರದ ದೀಪದಲ್ಲಿ ಪ್ಲಸ್ ಮತ್ತು ನೀಲಿ ಮೈನಸ್ ನಡುವೆ ಅಳೆಯಬೇಕು. 11 ವೋಲ್ಟಿಗಿಂತ ಕಡಿಮೆ ಬಂದರೆ ವಯರು ದಪ್ಪಗಾಗಬೇಕು. ಅದರ ಬದಲು ಎಸ್‌ಎಂಪಿಎಸ್ಸಿನ ವೋಲ್ಟೇಜು ಹೊಂದಿಸುವ ತಿರುಪನ್ನು ಏರಿಸಿದರೆ ಹತ್ತಿರದ ದೀಪಗಳಿಗೆ ವೋಲ್ಟೇಜು ಹೆಚ್ಚಾಗುತ್ತದೆ. ಅರ್ಧ ಗಂಟೆ ಉರಿದ ಬಳಿಕ ಪ್ರತಿ ಜಾಯಿಂಟನ್ನೂ ಮುಟ್ಟಿ ನೋಡಿ, ಬಿಸಿಯಾಗಿರುವುದನ್ನು ಬಿಚ್ಚಿ ಮತ್ತೆ ಬೆಸೆಯಬೇಕು. ಅಡಿಕೆ ಅಂಗಳಕ್ಕೆ ಬರುವ ಮೊದಲು ವಯರುಗಳನ್ನು ಕಿತ್ತು, ಯಾವ ದೀಪದ್ದು ಯಾವುದೆಂದು ಚೀಟಿ ಕಟ್ಟಿ, ಸುರುಳಿ ಸುತ್ತಿ ಅಟ್ಟದಲ್ಲಿಡಬೇಕು.