ಹಳೆ ಹೋಂಡಾ ಸಿಟಿಯ ಖರ್ಚು ಎಲ್ಲಿಂದ ಬರುತ್ತದೆ: ನನ್ನ ಅನುಭವ

2003ರಿಂದ 2008ರವರೆಗೆ ನಮ್ಮಲ್ಲಿ ಮಾರಾಟವಾದ ಹೋಂಡಾ ಸಿಟಿ, ಅದರಲ್ಲೂ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ ಇರುವ 1.5 ಲೀಟರಿನ ಐ-ಡಿಎಸ್‌ಐ ಎಂಜಿನ್ನಿನ ಗಾಡಿ, ಈಗಲೂ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಕೊಳ್ಳುವವರು ಮೊದಲು ಕೇಳುವುದು ಎಂಜಿನ್ ಹೇಗಿದೆ ಅಂತ. ಕಾಲಕಾಲಕ್ಕೆ ಆಯಿಲ್ ಬದಲಿಸಿದ್ದರೆ ಆ ಎಂಜಿನ್ ಸುಲಭಕ್ಕೆ ಕೈಕೊಡುವುದಿಲ್ಲ. ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ಖರ್ಚೂ ಇಲ್ಲ. ಈ ವಯಸ್ಸಿನ ಕಾರಿನಲ್ಲಿ ದುಡ್ಡು ಹೋಗುವುದು ಬುಷ್ (ಕೀಲಿನೊಳಗಿನ ರಬ್ಬರು), ಬೂಟ್ (ಕೀಲಿನ ಮೇಲಿನ ರಬ್ಬರು ಗವಸು), ಮೌಂಟ್, ಹೋಸ್, ಸೀಲ್ ಇಂಥ ರಬ್ಬರಿನ ಭಾಗಗಳಿಗೆ. ಗಾಡಿ ಕಡಿಮೆ ಓಡಿದ್ದರೂ ರಬ್ಬರು ವರ್ಷದ ಲೆಕ್ಕದಲ್ಲಿ ಗಟ್ಟಿಯಾಗಿ ಬಿರಿಯುತ್ತದೆ. ಹಾಗಾಗಿ ನಾನು ಬಾನೆಟ್ ಎತ್ತುವ ಮೊದಲು ಗಾಡಿಯನ್ನು ಲಿಫ್ಟಿಗೆ ಹಾಕಿ ಕೆಳಗಿನಿಂದ ನೋಡುತ್ತೇನೆ.

ಮುಂದುಗಡೆ ಸದ್ದು ಬಂದ ಕೂಡಲೇ ಶಾಕ್ ಅಬ್ಸಾರ್ಬರ್ ಹೋಗಿದೆ ಅನ್ನುವವರೇ ಹೆಚ್ಚು. ಮೊದಲು ಸದ್ದು ಯಾವಾಗ ಬರುತ್ತದೆ ಅಂತ ಗಮನಿಸಿ. ಸಣ್ಣ ಸಣ್ಣ ಏರುತಗ್ಗಿನಲ್ಲಿ ಟಕಟಕ ಅಂದರೆ ಬಹುಪಾಲು ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಕಂಬಿಯ ಕೊಂಡಿ). ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಟಂಗ್ ಎಂದು ಜಿಗಿದರೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿ) ಮೌಂಟಿನ ಬೇರಿಂಗ್. ಬ್ರೇಕ್ ಒತ್ತಿದಾಗ ಒಮ್ಮೆ ದಡ್ ಎಂದು ಸ್ಟೀರಿಂಗ್ ಸ್ವಲ್ಪ ಎಳೆದರೆ ಲೋಯರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಗಾಡಿಗೆ ಸೇರಿಸುವ ತೋಳು) ಹಿಂದಿನ ಬುಷ್ ಹರಿದಿದೆ. ಗುಂಡಿಯ ಪೆಟ್ಟು ನೇರವಾಗಿ ಸ್ಟೀರಿಂಗ್ ಹಿಡಿದ ಕೈಗೆ ತಟ್ಟಿದರೆ ಟೈ ರಾಡ್ (ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಕಂಬಿ), ಇಲ್ಲವೇ ಸ್ಟೀರಿಂಗ್ ರ್‍ಯಾಕ್. ರ್‍ಯಾಕ್ (ಆ ಕಂಬಿಗಳನ್ನು ಎಳೆಯುವ ಹಲ್ಲಿನ ಪಟ್ಟಿ) ದುಬಾರಿ ಬಾಬತ್ತು. ಉಳಿದವೆಲ್ಲ ಸರಿಯಿವೆ ಅಂತ ಖಾತ್ರಿಯಾದ ಮೇಲೆ ಮಾತ್ರ ಅದಕ್ಕೆ ಕೈ ಹಾಕಿ.

ಲೋಯರ್ ಆರ್ಮ್ ಬುಷ್ ಹಾಕಿಸಿ ಕೆಲವೇ ತಿಂಗಳಲ್ಲಿ ಮತ್ತೆ ಸದ್ದು ಬಂತು ಎಂಬ ದೂರು ತುಂಬ ಸಾಮಾನ್ಯ. ಎಲ್ಲ ಸಲವೂ ತಪ್ಪು ಬುಷ್‌ನದ್ದಲ್ಲ. ಬುಷ್‌ನ ಒಳಗಿನ ಲೋಹದ ಕೊಳವೆಯನ್ನು ಬೋಲ್ಟ್ ಅಲುಗಾಡದಂತೆ ಹಿಡಿದಿಡುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರು ಮಾತ್ರ. ಗಾಡಿ ಲಿಫ್ಟಿನ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡ ಸ್ಥಿತಿಯಲ್ಲಿ ಇರುತ್ತದೆ, ಬೇಗ ಹರಿಯುತ್ತದೆ. ಆದ್ದರಿಂದ ಬೋಲ್ಟ್‌ಗಳನ್ನು ಮೊದಲು ಕೈಯಲ್ಲಿ ಬಿಗಿಯುವಷ್ಟಕ್ಕೇ ಕೂರಿಸಬೇಕು. ಆಮೇಲೆ ಆರ್ಮಿನ ತುದಿಗೆ ಜಾಕ್ ಕೊಟ್ಟು, ಗಾಡಿಯ ಭಾರ ಸ್ಪ್ರಿಂಗಿನ ಮೇಲೆ ಬಂದ ನಂತರ ಟಾರ್ಕ್ ರೆಂಚ್‌ನಲ್ಲಿ ಬಿಗಿಯಬೇಕು. ಕೊನೆಗೆ ವೀಲ್ ಅಲೈನ್‌ಮೆಂಟ್. ಎರಡೂ ಬದಿಯ ಬುಷ್ ಒಟ್ಟಿಗೇ ಹಾಕಿಸಿ, ಆರ್ಮ್ ಬಿಚ್ಚಿದಾಗಲೇ ಬಾಲ್ ಜಾಯಿಂಟ್ ಮತ್ತು ಲಿಂಕ್ ರಾಡ್ ನೋಡಿ. ಅದೇ ಕೂಲಿಯನ್ನು ಎರಡೆರಡು ಸಲ ಕೊಡಬೇಕಾಗಿಲ್ಲ.

ಗಾಡಿಯ ಕೆಳಗಿರುವಾಗಲೇ ಡ್ರೈವ್ ಶಾಫ್ಟ್ (ಚಕ್ರವನ್ನು ತಿರುಗಿಸುವ ದಂಡ) ಬೂಟಿನ ಮಡಿಕೆಗಳನ್ನು ಬೆರಳಿನಿಂದ ಅಗಲಿಸಿ ನೋಡಿ. ಚಕ್ರದ ಒಳಮೈಗೆ ಗ್ರೀಸ್ ಚಿಮ್ಮಿದ್ದರೆ ಬೂಟ್ ಒಡೆದಿದೆ. ಆ ಹಂತದಲ್ಲಿ ಬೂಟ್ ಕಿಟ್, ಹೊಸ ಗ್ರೀಸ್, ಎರಡು ಕ್ಲಿಪ್ಪುಗಳಲ್ಲಿ ಕೆಲಸ ಮುಗಿಯುತ್ತದೆ. ಬಿಟ್ಟರೆ ಧೂಳು, ನೀರು ಒಳಗೆ ಹೋಗಿ, ಪೂರ್ತಿ ತಿರುವಿನಲ್ಲಿ ಕಟಕಟ ಶುರುವಾಗುತ್ತದೆ. ಆಗ ಬೂಟಿನೊಳಗಿನ ಕೀಲಾದ ಸಿವಿ ಜಾಯಿಂಟನ್ನೇ ಬದಲಿಸಬೇಕು.

ಐ-ಡಿಎಸ್‌ಐಗೆ ಸಿಲಿಂಡರಿಗೆ ಎರಡರಂತೆ ಎಂಟು ಸ್ಪಾರ್ಕ್ ಪ್ಲಗ್. ಮುಂದಿನ ನಾಲ್ಕು ಕೈಗೆ ಸಿಗುತ್ತವೆ. ಹಿಂದಿನ ನಾಲ್ಕು ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಕಡೆ ಇಕ್ಕಟ್ಟಿನಲ್ಲಿವೆ, ಅವನ್ನು ಮುಟ್ಟದೆಯೇ ಸರ್ವಿಸ್ ಮುಗಿಸುವ ಗ್ಯಾರೇಜುಗಳಿವೆ. ಒಂದು ಪ್ಲಗ್ ಸತ್ತರೂ ಅದೇ ಸಿಲಿಂಡರಿನ ಇನ್ನೊಂದು ಕಿಡಿ ಕೊಡುತ್ತಿರುವುದರಿಂದ ಎಂಜಿನ್ ಎದ್ದುಕಾಣುವಂತೆ ಮಿಸ್ ಹೊಡೆಯುವುದಿಲ್ಲ. ಮೈಲೇಜ್ ಇಳಿಯುತ್ತದೆ, ದಿಬ್ಬದಲ್ಲಿ ಎಳೆತ ಕುಗ್ಗುತ್ತದೆ. ಹಾಗಾಗಿ ಎಂಟೂ ಹಳೆ ಪ್ಲಗ್ಗುಗಳನ್ನು ನಂಬರ್ ಹಾಕಿ ಸಾಲಾಗಿ ಇಡಿಸಿ, ನೀವೇ ನೋಡಿ. ಎಂಜಿನ್ ತಣ್ಣಗಿರುವಾಗಲೇ ಬಿಚ್ಚಬೇಕು. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದ್ದು, ಆದ್ದರಿಂದ ಥ್ರೆಡ್ ಕೆಡದಂತೆ ಹೊಸದನ್ನು ಮೊದಲ ಕೆಲವು ಸುತ್ತು ಕೈಯಿಂದಲೇ ತಿರುಗಿಸಬೇಕು.

ಟ್ಯಾಪೆಟ್ ಸೆಟ್ಟಿಂಗನ್ನು (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಗ್ಯಾಪ್) ನಾನು 40,000 ಕಿ.ಮೀ.ಗೆ ಒಮ್ಮೆ ನೋಡುತ್ತೇನೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಇನ್‌ಟೇಕ್ 0.15ರಿಂದ 0.19 ಮಿ.ಮೀ., ಎಕ್ಸಾಸ್ಟ್ 0.26ರಿಂದ 0.30 ಮಿ.ಮೀ. ಟ್ಯಾಪೆಟ್ ಸದ್ದು ಮಾಡುತ್ತಿಲ್ಲ, ಮುಟ್ಟುವುದು ಬೇಡ ಅನ್ನುವುದು ತಪ್ಪು ಲೆಕ್ಕ. ಓಡಿದಂತೆಲ್ಲ ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನೊಳಗೆ ಇಳಿದು ಗ್ಯಾಪ್ ಕಡಿಮೆಯಾಗುತ್ತದೆ. ಗ್ಯಾಪ್ ಇಲ್ಲದ ವಾಲ್ವ್ ಸದ್ದು ಮಾಡುವುದಿಲ್ಲ, ಪೂರ್ತಿ ಮುಚ್ಚಿಕೊಳ್ಳುವುದೂ ಇಲ್ಲ, ಕೊನೆಗೆ ಸುಟ್ಟುಹೋಗುತ್ತದೆ. ಗ್ಯಾಸ್ ಕಿಟ್ ಹಾಕಿಸಿದ ಗಾಡಿಯಲ್ಲಿ ಇದು ಇನ್ನೂ ಬೇಗ.

ಈ ಎಂಜಿನ್ನನ್ನು ನಿಜಕ್ಕೂ ಕೊಲ್ಲುವುದು ಬಿಸಿ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂ ಕೋರಿಗೆ ಸೇರುವ ಅಂಚಿನಲ್ಲಿ ಒಣಗಿದ ಕಲೆ ಇದೆಯೇ ನೋಡಿ. ಅದು ಸೋರಿಕೆಯ ಮೊದಲ ಗುರುತು. ಕೂಲೆಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ಸುರಿಯಬೇಡಿ. ನಮ್ಮ ಬಯಲುಸೀಮೆಯ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಕೂಲೆಂಟ್ ಬದಲಿಸಿದ ಮೇಲೆ ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಎಸಿ ಆಫ್ ಮಾಡಿ, ಕ್ಯಾಪ್ ತೆಗೆದೇ ಎಂಜಿನ್ ಓಡಿಸಿ. ರೇಡಿಯೇಟರ್ ಫ್ಯಾನ್ ಎರಡು ಸಲ ಹತ್ತಿ ಆರುವವರೆಗೆ ಕಾದು, ಕೂಲೆಂಟ್ ಮಟ್ಟ ತುಂಬಿಸಿ, ಕ್ಯಾಪ್ ಹಾಕಿ. ಈ ಕ್ಯಾಪ್ ತೆರೆಯುವುದು, ಇಡುವುದು ಎಲ್ಲ ತಣ್ಣನೆ ಎಂಜಿನ್ನಿನಲ್ಲಿ ಶುರುಮಾಡುವ ಕೆಲಸ. ಬಿಸಿ ಎಂಜಿನ್ನಿನ ಕ್ಯಾಪ್ ತಿರುಗಿಸಲೇಬಾರದು. ಫ್ಯಾನ್ ಹತ್ತದೇ ಟೆಂಪರೇಚರ್ ಮುಳ್ಳು ನಡುಮಟ್ಟ ದಾಟಿದರೆ ತಕ್ಷಣ ಎಂಜಿನ್ ಆಫ್ ಮಾಡಿ, ರಿಲೇ ಮತ್ತು ಫ್ಯಾನ್ ಮೋಟರ್ ನೋಡಿಸಿ. ಒಮ್ಮೆ ಹೆಡ್ ಬಾಗಿದರೆ ಆಗುವ ಖರ್ಚು ಗಾಡಿಯ ಬೆಲೆಯ ಹತ್ತಿರ ಹೋಗಬಹುದು.

ಎಸಿಯಲ್ಲಿ ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ನೈಟ್ರೋಜನ್ ಒತ್ತಡ ಕೊಟ್ಟು ಸೋರಿಕೆ ಹುಡುಕಿಸದೆ ಗ್ಯಾಸಿಗೆ ದುಡ್ಡು ಕೊಡಬೇಡಿ.

ಸ್ಟೀರಿಂಗ್ ಎಲೆಕ್ಟ್ರಿಕ್ ಆದ್ದರಿಂದ ಬ್ಯಾಟರಿ ಸೋತರೂ ಇಪಿಎಸ್ (ಎಲೆಕ್ಟ್ರಿಕ್ ಸ್ಟೀರಿಂಗಿನ ಎಚ್ಚರಿಕೆ) ದೀಪ ಹತ್ತಬಹುದು. ರ್‍ಯಾಕ್ ಹೋಗಿದೆ ಎನ್ನುವ ಮುನ್ನ ಬ್ಯಾಟರಿಗೆ ಮಲ್ಟಿಮೀಟರ್ ಇಡಿ: ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5. ಅರ್ಥ್ ವೈರಿನ ತುದಿಗಳನ್ನೂ ಉಜ್ಜಿಸಿ.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ನಾಲ್ಕು ದರ್ಜೆಯ ಮಾಲು ಸಿಗುತ್ತದೆ. ರಬ್ಬರು, ಸೀಲು, ಬ್ರೇಕಿನ ಸಾಮಾನು ಕಂಪನಿಯದ್ದೇ ತೆಗೆದುಕೊಳ್ಳಿ. ಬಂಪರ್, ಹೆಡ್‌ಲೈಟ್, ಡೋರ್ ಹ್ಯಾಂಡಲ್ ಸೆಕೆಂಡ್ಸ್ ಆದರೂ ನಡೆಯುತ್ತದೆ. ಟೈರಿನ ಗೀರು ಆಳವಾಗಿದೆ ಅಂತ ಸಮಾಧಾನ ಪಡಬೇಡಿ, ಟೈರಿನ ಪಕ್ಕದ ಮೈಮೇಲಿನ ನಾಲ್ಕಂಕಿ ಓದಿ: 2319 ಅಂದರೆ 2019ರ 23ನೇ ವಾರದ ಟೈರು. ಈಗ ಬಂಕುಗಳಲ್ಲಿ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಇರುವುದರಿಂದ ಇಂಧನದ ಹೋಸುಗಳ ತುದಿಗಳನ್ನೂ ಪ್ರತಿ ಸರ್ವಿಸ್‌ನಲ್ಲಿ ನೋಡಿಸಿ. ಈ ಗಾಡಿಯ ಟ್ಯಾಂಕ್ ಮುಂದಿನ ಸೀಟುಗಳ ಕೆಳಗಿದೆ, ಒಳಗೆ ಪೆಟ್ರೋಲ್ ವಾಸನೆ ಬಂದರೆ ತಡಮಾಡಬೇಡಿ.

ವಿಮೆಯಲ್ಲಿ ಥರ್ಡ್ ಪಾರ್ಟಿ ಕಡ್ಡಾಯ. 1000ದಿಂದ 1500 ಸಿಸಿ ಕಾರಿಗೆ 2022ರಲ್ಲಿ ನಿಗದಿಯಾದ ದರ 3,416 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಓನ್ ಡ್ಯಾಮೇಜ್ (ನಮ್ಮದೇ ಗಾಡಿಯ ಹಾನಿಗೆ ವಿಮೆ) ಸೇರಿಸುವ ಮುನ್ನ ಲೆಕ್ಕ ಹಾಕಿ: ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ, 10 ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೂ ಅಷ್ಟೇ. ಐಡಿವಿ (ವಿಮೆಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ತೀರಾ ಕಡಿಮೆಯಿದ್ದರೆ ನಾನು ಥರ್ಡ್ ಪಾರ್ಟಿಯನ್ನಷ್ಟೇ ಕಟ್ಟಿ, ಉಳಿದದ್ದನ್ನು ಬುಷ್, ಟೈರಿಗೆ ಎತ್ತಿಡುತ್ತೇನೆ.

15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣಕ್ಕೆ ಫಾರಂ 25 ಕೊಡಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ಶುಲ್ಕ 5,000 ರೂಪಾಯಿ, 2025ರಲ್ಲಿ 20 ವರ್ಷ ದಾಟಿದ ಗಾಡಿಗಳಿಗೆ ಇನ್ನೂ ಏರಿದೆ. ಗ್ರೀನ್ ಟ್ಯಾಕ್ಸ್ ಬೇರೆ. ನವೀಕರಣ ಐದು ವರ್ಷಕ್ಕೆ. ಅವಧಿ ಮುಗಿದ ಮೇಲೆ ತಿಂಗಳಿಗೆ 500 ರೂಪಾಯಿಯಂತೆ ದಂಡ ಏರುತ್ತದೆ, ಆದ್ದರಿಂದ ಮುಗಿಯುವ ಮುಂಚಿನ ಎರಡು ತಿಂಗಳೊಳಗೇ ಅರ್ಜಿ ಹಾಕಿ. ಗಾಡಿ ತೋರಿಸಲು ಹೋಗುವ ಮುಂಚೆ ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್, ಹ್ಯಾಂಡ್ ಬ್ರೇಕ್, ವೈಪರ್ ಎಲ್ಲ ಕೆಲಸ ಮಾಡುತ್ತಿವೆಯೇ ನೋಡಿ, ಹೊಗೆ ತಪಾಸಣೆ ಮಾಡಿಸಿ, ಬಾನೆಟ್ ಒಳಗಿನ ಚಾಸಿ ನಂಬರಿನ ಮೇಲಿನ ಕೊಳೆ ತೆಗೆದು ಓದಲು ಬರುವಂತೆ ಮಾಡಿಟ್ಟುಕೊಳ್ಳಿ.